ಆದದ್ದು, ಮಾಡಿದ್ದು: ರುವಾಂಡಾದ ಒಂದು ಗುಡ್ಡದಲ್ಲಿ ಏಳು ತಿಂಗಳು

ಹೋದ ತಿಂಗಳು ಊರಿಗೆ ವಾಪಸಾದೆ. ಚೀಲದಲ್ಲಿ ಹನ್ನೊಂದು ನೋಟ್‌ಬುಕ್ಕು, ಕೆಟ್ಟುಹೋದ ಒಂದು ರೆಕಾರ್ಡರು, ಎರಡು ಕೆ.ಜಿ. ಕಾಫಿ ಬೀಜ. ಚಿಕ್ಕಮಗಳೂರಿನವಳು ಆಫ್ರಿಕಾದಿಂದ ಕಾಫಿ ಹೊತ್ತು ತಂದಳಲ್ಲ ಎಂದು ಅಮ್ಮ ನಕ್ಕಳು. ಆಮೇಲೆ ಪಾತ್ರೆ ಉಜ್ಜುತ್ತಾ ಕೇಳಿದಳು: "ಅಲ್ಲಿ ಜನಾನ ಕೊಂದೋರು ಜೈಲಿಂದ ಬಂದು ಅದೇ ಊರಲ್ಲಿ ಇರ್ತಾರಂತಲ್ಲ, ಹೌದೇನೇ?" ಹೌದು ಅಂದೆ. "ಹೆಂಗೆ?" ಅಂದಳು. ಅದಕ್ಕೆ ಉತ್ತರ ಹುಡುಕಲೆಂದೇ ಎರಡು ವರ್ಷ ಒದ್ದಾಡಿದವಳಿಗೆ ಒಂದು ಮಾತಲ್ಲಿ ಹೇಳಲು ಬರಲಿಲ್ಲ.

ನಾನು ಸಮಾಜಕಾರ್ಯದ ಪಿಎಚ್‌.ಡಿ. ವಿದ್ಯಾರ್ಥಿನಿ. ಜನಾಂಗಹತ್ಯೆಯಲ್ಲಿ ಶಿಕ್ಷೆಯಾದವರು ಅವಧಿ ಮುಗಿಸಿ ಹಳ್ಳಿಗೆ ಮರಳುವಾಗ ಏನಾಗುತ್ತದೆ ಎಂಬುದು ನನ್ನ ವಿಷಯ. ಇದೇ ಬಗೆಯ ಕೆಲಸಕ್ಕೆ ಹೊರಟಿರುವ ಇಬ್ಬರು ಕಿರಿಯರು ಫೋನ್ ಮಾಡಿ, "ಅಕ್ಕಾ, ಎಲ್ಲಿಂದ ಶುರು ಮಾಡೋದು?" ಅಂತ ಕೇಳಿದ್ದಾರೆ. ಅವರಿಗೆಂದು ಬರೆಯಲು ಕೂತದ್ದು ಇದು. ಊರಿನ ಹೆಸರು ಹೇಳುವುದಿಲ್ಲ. ದಕ್ಷಿಣ ಪ್ರಾಂತದ ಒಂದು ಗುಡ್ಡ ಅಂದುಕೊಳ್ಳಿ. ಜನರ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ.

ಹಿನ್ನೆಲೆ ಇಷ್ಟು. 1994ರ ಏಪ್ರಿಲ್ 7ರಿಂದ ಜುಲೈವರೆಗೆ, ಸುಮಾರು ನೂರು ದಿನಗಳಲ್ಲಿ, ಎಂಟು ಲಕ್ಷದಿಂದ ಹತ್ತು ಲಕ್ಷಕ್ಕೂ ಮೇಲೆ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರು, ಕೊಂದವರು ಬಹುಸಂಖ್ಯಾತ ಹುಟುಗಳು. ಕೊಂದವರಲ್ಲಿ ಸೈನಿಕರಿದ್ದರು, ಇಂಟೆರಹಾಮ್ವೆ ಎಂಬ ಹುಟು ಉಗ್ರರ ಪಡೆಯವರಿದ್ದರು, ನಿನ್ನೆಯವರೆಗೆ ಬೆಂಕಿ ಕಡ ಕೇಳಿಕೊಂಡು ಬರುತ್ತಿದ್ದ ಪಕ್ಕದ ಮನೆಯವರೂ ಇದ್ದರು. 2000ದ ಹೊತ್ತಿಗೆ ಜೈಲುಗಳಲ್ಲಿ ಸುಮಾರು 1,20,000 ಮಂದಿ ತುಂಬಿಕೊಂಡಿದ್ದರು. ಮಾಮೂಲಿ ಕೋರ್ಟುಗಳಲ್ಲಿ ಇವರ ವಿಚಾರಣೆ ಅವರ ಜೀವಮಾನದಲ್ಲಿ ಮುಗಿಯುವಂತಿರಲಿಲ್ಲ. ಹಾಗಾಗಿ ಗಚಾಚ ಬಂತು. ಗಚಾಚ ಅಂದರೆ ಹುಲ್ಲು. ಹುಲ್ಲಿನ ಮೇಲೆ ಕೂತು ಊರೇ ನಡೆಸುವ ನ್ಯಾಯ. ಸುಮಾರು 12,000 ಗಚಾಚಗಳು 19 ಲಕ್ಷಕ್ಕೂ ಹೆಚ್ಚು ಪ್ರಕರಣ ತೀರಿಸಿ 2012ರ ಜೂನ್ 18ಕ್ಕೆ ಬಾಗಿಲು ಹಾಕಿದವು. ದೊಡ್ಡ ದೊಡ್ಡ ತಲೆಗಳು ತಾಂಜಾನಿಯಾದ ಅರುಶಾದಲ್ಲಿದ್ದ ವಿಶ್ವಸಂಸ್ಥೆಯ ನ್ಯಾಯಮಂಡಳಿಗೆ ಹೋದವು, ಅದು ಬೇರೆ ಕಥೆ. ಅಲ್ಲಿ ಖುಲಾಸೆಯಾದವರು, ಶಿಕ್ಷೆ ಮುಗಿಸಿದವರು ಎಂಟು ಮಂದಿಯನ್ನು 2021ರ ಡಿಸೆಂಬರಿನಲ್ಲಿ ನೈಜರಿಗೆ ಕಳಿಸಿದರೆ, ಆ ದೇಶ ಕೆಲವೇ ವಾರಗಳಲ್ಲಿ ಹೊರಡಿ ಅಂದಿತು. ಹಳ್ಳಿಯ ಸಾಮಾನ್ಯ ಕೈದಿಗೆ ಮರಳಲು ಒಂದು ಗುಡ್ಡವಾದರೂ ಇದೆ.

ಅನುಮತಿಯ ಕಥೆಗೆ ಬರೋಣ. ಭಾರತದ ಪಾಸ್‌ಪೋರ್ಟಿಗೆ ಕಾಮನ್‌ವೆಲ್ತ್ ಲೆಕ್ಕದಲ್ಲಿ 30 ದಿನದ ವೀಸಾ ಇಳಿದ ಮೇಲೆಯೇ, ಶುಲ್ಕವಿಲ್ಲದೆ ಸಿಗುತ್ತದೆ. ಹೋಗಿ ಇಳಿದು ಉಳಿದದ್ದು ನೋಡಿಕೊಳ್ಳೋಣ ಅಂದುಕೊಂಡಿದ್ದೆ. ಮೇಷ್ಟ್ರು ತಡೆದದ್ದು ಒಳ್ಳೆಯದಾಯಿತು. ಸಂಶೋಧನೆಗೆ ಅಲ್ಲಿನ ಒಂದು ಸಂಸ್ಥೆಯ ಆಶ್ರಯಪತ್ರ ಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು, ರಾಷ್ಟ್ರೀಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪರವಾನಗಿ ಬೇಕು. ವಿಷಯ ಜನಾಂಗಹತ್ಯೆಯಾದ್ದರಿಂದ ರಾಷ್ಟ್ರೀಯ ಏಕತೆಯ ಸಚಿವಾಲಯಕ್ಕೂ ಬರೆದೆ. ಜೈಲಿನೊಳಗೆ ಹೋಗಲು ಬಂದೀಖಾನೆ ಇಲಾಖೆಯ ಪತ್ರ ಬೇರೆ. ಇದೆಲ್ಲ ಆದಮೇಲೆ ಜಿಲ್ಲೆ, ಅದರ ಕೆಳಗೆ ಉಮುರೆಂಗೆ, ಅದರ ಕೆಳಗೆ ಅಕಗಾರಿ, ಕೊನೆಗೆ ಉಮುದುಗುದು ಎಂಬ ಹಳ್ಳಿಯ ಮುಖ್ಯಸ್ಥ. ಎಲ್ಲರೂ ಇನ್ನೊಬ್ಬರ ಪತ್ರ ಮೊದಲು ತೋರಿಸಿ ಅನ್ನುವವರೇ. ಇಲ್ಲಿ ನಮ್ಮ ಕಡೆಯ ಒಂದು ಸಹಿಗೇ ಏಳು ವಾರ ಕಾದೆ. ಸಹಿ ಹಾಕಬೇಕಾದವರು ಮಗಳ ಮದುವೆಯಲ್ಲಿದ್ದರು. ಮೊದಲ ಇ-ಮೇಲಿನಿಂದ ಜೈಲಿನ ಗೇಟಿನವರೆಗೆ ಹದಿನಾಲ್ಕು ತಿಂಗಳು.

ಹೋಗುವವರು ಮೂರು ವಿಷಯ ಗಮನಿಸಿ. ಆಶ್ರಯಪತ್ರಕ್ಕೆ ಮೊದಲು ಬೆನ್ನು ಹತ್ತಿ, ಉಳಿದದ್ದು ಅದರ ಬಾಲ ಹಿಡಿದು ಬರುತ್ತದೆ. ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಆಗಿರಲಿ. ಕಾರ್ಡು ಇಲ್ಲದಿದ್ದರೆ ವಾಪಸು ಬರುವಾಗ ಬೆಂಗಳೂರಿನಲ್ಲೇ ಹಿಡಿದು ಕೂರಿಸುತ್ತಾರೆ. ಮತ್ತೆ, ಏಪ್ರಿಲ್‌ನಲ್ಲಿ ಸಂದರ್ಶನ ಇಟ್ಟುಕೊಳ್ಳಬೇಡಿ. 7ರಿಂದ 13ರವರೆಗೆ ಶೋಕಾಚರಣೆಯ ವಾರ, ಅದರ ನೆರಳು ಜುಲೈ ಆರಂಭದವರೆಗೂ ಇರುತ್ತದೆ. ನಾನು 2025ರ ಫೆಬ್ರವರಿಯಲ್ಲಿ ಇಳಿದವಳು ಏಪ್ರಿಲ್ ಇಡೀ ಕೈಕಟ್ಟಿ ಕೂತೆ. ಸ್ಮರಣೆಯ ಸಭೆಯೊಂದರಲ್ಲಿ ನನ್ನ ಮುಂದಿನ ಸಾಲಿನ ಹೆಂಗಸು ಇದ್ದಕ್ಕಿದ್ದಂತೆ ಬೆಂಚಿನ ಕೆಳಗೆ ನುಸುಳಿ, "ಬರ್ತಿದ್ದಾರೆ, ಬರ್ತಿದ್ದಾರೆ" ಎಂದು ಕಿರುಚತೊಡಗಿದಳು. ಇಹಾಹಮುಕ ಅನ್ನುತ್ತಾರೆ ಅದಕ್ಕೆ. ಅಲ್ಲಿದ್ದ ಸ್ವಯಂಸೇವಕಿಯರು ಅಭ್ಯಾಸವಾದವರಂತೆ ಬಂದು, ಎತ್ತಿಕೊಂಡು ಹೋಗಿ, ಹುಲ್ಲಿನ ಮೇಲೆ ಮಲಗಿಸಿ ಕೈ ಹಿಡಿದು ಕೂತರು. ಮೂವತ್ತೊಂದು ವರ್ಷ ಆಗಿತ್ತು.

ಮಾತಿನ ಮೇಲೆ ಹಿಡಿತವಿರಲಿ. "ನೀವು ಹುಟುವೋ ಟುಟ್ಸಿಯೋ" ಎಂದು ಯಾರನ್ನೂ ಕೇಳಕೂಡದು. ಅಧಿಕೃತವಾಗಿ ಅದನ್ನು "ಟುಟ್ಸಿಗಳ ವಿರುದ್ಧದ ಜನಾಂಗಹತ್ಯೆ" ಎಂದೇ ಹೇಳಬೇಕು. ಅಲ್ಲಗಳೆಯುವ ಮಾತಿಗೆ, ಹಗುರ ಮಾಡುವ ಮಾತಿಗೆ ಕಾನೂನಿನಲ್ಲಿ ಶಿಕ್ಷೆಯಿದೆ. ಇದರಿಂದ ಜನ ಬಾಯಿ ಬಿಗಿಹಿಡಿದು ಮಾತಾಡುತ್ತಾರೆ ಎಂಬುದೂ ನಿಜ. ಮೊದಲ ತಿಂಗಳು ನನಗೆ ಸಿಕ್ಕ ಉತ್ತರಗಳೆಲ್ಲ ಒಂದೇ ಅಚ್ಚಿನವು: ಸರ್ಕಾರ ಒಳ್ಳೆಯದು, ಎಲ್ಲರೂ ಒಂದಾಗಿದ್ದೇವೆ, ಕ್ಷಮಿಸಿದ್ದೇವೆ. ಬರೆದುಕೊಂಡೆ, ಏನು ಮಾಡಲಿ.

ಮೇ ತಿಂಗಳಲ್ಲಿ ಜೈಲಿನೊಳಗೆ ಬಿಟ್ಟರು. ಅಲ್ಲಿ ವಿಚಾರಣೆಯಲ್ಲಿರುವವರಿಗೆ ಗುಲಾಬಿ ಬಣ್ಣದ ಬಟ್ಟೆ, ಶಿಕ್ಷೆಯಾದವರಿಗೆ ಕಿತ್ತಳೆ. ಬಿಡುಗಡೆ ಹತ್ತಿರವಾದವರಿಗೆ ತರಗತಿ ನಡೆಯುತ್ತಿತ್ತು. ಕಿತ್ತಳೆ ಬಟ್ಟೆಯ ಮುದುಕರು ಶಾಲೆಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತು, ಮೊಬೈಲ್‌ನಲ್ಲಿ ದುಡ್ಡು ಕಳಿಸುವುದು ಹೇಗೆಂದು ಕಲಿಯುತ್ತಿದ್ದರು. ನಾನು ಮುಂದೆ ಹಿಂಬಾಲಿಸಿದ ಅಜ್ಜ ಸಿಕ್ಕಿದ್ದು ಅಲ್ಲೇ. ಮುಝೆಹೆ ಎಂದು ಕರೆಯುತ್ತಿದ್ದೆ, ಹಿರಿಯರಿಗೆ ಅಲ್ಲಿ ಹಾಗನ್ನುತ್ತಾರೆ. ಅವರು ನನ್ನನ್ನು ಉಮುಹಿಂದಿ, ಅಂದರೆ ಇಂಡಿಯಾದವಳು, ಎನ್ನುತ್ತಿದ್ದರು. 1996ರ ಕೊನೆಗೆ ಕಾಂಗೋದ ನಿರಾಶ್ರಿತರ ಶಿಬಿರಗಳಿಂದ ಲಕ್ಷಗಟ್ಟಲೆ ಜನ ನಡೆದು ವಾಪಸು ಬಂದಾಗ ಬಂದವರು. 1997ರ ಜೂನ್‌ನಲ್ಲಿ ಬಂಧನ. ಹತ್ತು ವರ್ಷದ ಮೇಲೆ ಗಚಾಚದಲ್ಲಿ 28 ವರ್ಷ ಶಿಕ್ಷೆ. ಒಳಗೆ ಹೋದಾಗ ನಲವತ್ತೊಂದು, ಈಗ ಅರವತ್ತೊಂಬತ್ತು.

ಯಾರೂ ನನಗೆ ಮೊದಲೇ ಹೇಳಿರದ ಸಂಗತಿ ಇಲ್ಲಿದೆ. ಮರಳಿದವರೆಲ್ಲ ಒಂದೇ ಬಗೆಯವರಲ್ಲ. 2003ರ ಜನವರಿಯ ಆದೇಶದ ಮೇಲೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಬಿಡುಗಡೆಯಾದರು. ಅವರಲ್ಲಿ ಹೆಚ್ಚಿನವರು ತಪ್ಪೊಪ್ಪಿಕೊಂಡವರು, ಜೊತೆಗೆ ಮುದುಕರು, ರೋಗಿಗಳು. ಇಂಗಾಂಡೊ ಎಂಬ ಶಿಬಿರದಲ್ಲಿ ಪಾಠ ಕೇಳಿ ಊರಿಗೆ ಹೋದರು. ಆಮೇಲೆ ತೀಗ್ ಬಂತು: ಒಪ್ಪಿಕೊಂಡವರು ಅರ್ಧ ಶಿಕ್ಷೆಯನ್ನು ಹೊರಗೆ ರಸ್ತೆ ಕಡಿದು, ಗುಡ್ಡಕ್ಕೆ ಮೆಟ್ಟಿಲುಗದ್ದೆ ಹೊಡೆದು, ಬದುಕುಳಿದವರಿಗೆ ಮನೆ ಕಟ್ಟಿ ತೀರಿಸಬಹುದಿತ್ತು. 2004ರ ಕಾಯ್ದೆಯಲ್ಲಿ, ಕೊಂದವನು ಆರೋಪಿಗಳ ಪಟ್ಟಿಯಲ್ಲಿ ಹೆಸರು ಬರುವ ಮೊದಲೇ ಒಪ್ಪಿಕೊಂಡರೆ 7ರಿಂದ 12 ವರ್ಷ, ಒಪ್ಪದೆ ಹೋದರೆ 25ರಿಂದ 30. ಲೆಕ್ಕ ಹಾಕಿ ನೋಡಿ. ಈಗ ಅವಧಿ ಮುಗಿಸಿ ಬರುತ್ತಿರುವವರಲ್ಲಿ ಬಾಯಿ ಬಿಡದೆ ಉಳಿದವರೇ ಬಹಳ. ಕ್ಷಮೆಯ ಬಗ್ಗೆ ನಾವು ಓದಿರುವ ಬರಹಗಳು ಹೆಚ್ಚಾಗಿ ಮೊದಲಿನವರ ಕುರಿತವು. ನನ್ನ ಪ್ರಶ್ನಾವಳಿಯೂ ಅವರಿಗೇ ಹೊಂದುವಂತೆ ಮಾಡಿದ್ದು. ಹರಿದು ಹೊಸದು ಬರೆದೆ.

ಬಿಡುಗಡೆಯ ದಿನ ಗೇಟಿನ ಹೊರಗೆ ಬೆಳಗ್ಗೆ ಏಳಕ್ಕೆ ನಿಂತವರು ನಾನು, ನನ್ನ ದುಭಾಷಿ, ಅಜ್ಜನ ಮಗಳು. ಅಪ್ಪ ಒಳಗೆ ಹೋದಾಗ ಆಕೆಗೆ ನಾಲ್ಕು ವರ್ಷ. ಹತ್ತೂವರೆಗೆ ಅಂದವರು ಎರಡು ಗಂಟೆಗೆ ಬಿಟ್ಟರು. ಅಜ್ಜನ ಮೈಮೇಲೆ ಯಾರದೋ ಕಂದು ಕೋಟು, ಕೈಯಲ್ಲಿ ಪ್ಲಾಸ್ಟಿಕ್ ಬಕೀಟು, ಅದರೊಳಗೆ ಬೈಬಲ್ಲು, ಗಾರೆ ಕರಣೆ. ಜೈಲಿನಲ್ಲಿ ಗಾರೆ ಕೆಲಸ ಕಲಿತಿದ್ದರು. ಮಗಳು ಕೈಕುಲುಕಿದಳು, ಅಷ್ಟೆ. ಬಸ್ಸಿನಲ್ಲಿ ಅಜ್ಜ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಹುಲ್ಲಿನ ಮಾಡು ಒಂದೂ ಇಲ್ಲ, ಎಲ್ಲ ತಗಡು. ಗುಡ್ಡದ ಮೇಲೆ ಚೆದುರಿದ್ದ ಮನೆಗಳು ರಸ್ತೆಬದಿಗೆ ಇಳಿದು ಸಾಲಾಗಿ ನಿಂತಿವೆ. ತನ್ನ ಊರಿನ ತಿರುವು ಬಂದಾಗ ಗುರುತು ಸಿಗಲಿಲ್ಲ. ಮಗಳೇ ಬಸ್ ನಿಲ್ಲಿಸಿದ್ದು.

ಮೊದಲ ತೊಡಕು ಮಾರನೇ ದಿನವೇ. ಬಿಡುಗಡೆ ಪತ್ರದಲ್ಲಿದ್ದ ವಿಳಾಸದ ಊರು ಕಾಗದದ ಮೇಲೆ ಇಲ್ಲ! ಅವರ ಬಂಧನವಾದಾಗ ಕಮ್ಯೂನು ಎಂಬ ಹಳೆಯ ಆಡಳಿತ ವಿಭಾಗಗಳಿದ್ದವು. 2006ರಲ್ಲಿ ಆಡಳಿತವನ್ನೇ ಬಿಚ್ಚಿ ಹೊಲಿದು 30 ಜಿಲ್ಲೆ, 416 ಉಮುರೆಂಗೆ ಮಾಡಿದರು. ಬುಟಾರೆ ಪಟ್ಟಣ ಹುಯೆ ಆಯಿತು. ಹಳೆಯ ಹೆಸರಿನ ಜಾಗ ಈಗ ಎರಡು ಉಮುರೆಂಗೆಗಳ ಪಾಲು. ಒಂದು ಕಚೇರಿಯಲ್ಲಿ "ನಮ್ಮದಲ್ಲ, ಆಚೆಯದು" ಅಂದರು; ಆಚೆ ಹೋದರೆ "ನಮ್ಮದಲ್ಲ, ಈಚೆಯದು." ಮೋಟಾರ್‌ಬೈಕ್ ಟ್ಯಾಕ್ಸಿಗೆ ಮಗಳ ಮೂರು ದಿನದ ಕೂಲಿ ಹೋಯಿತು. ಕೊನೆಗೆ ಹಳ್ಳಿಯ ಮುಖ್ಯಸ್ಥ, ಮೂವತ್ತರ ಹುಡುಗ, ತಾನೇ ಬಂದು "ಇವರು ನಮ್ಮವರು" ಎಂದು ಬರೆದುಕೊಟ್ಟ. ಆ ಎರಡು ಪದಕ್ಕೆ ಅಜ್ಜ ಕಣ್ಣೊರೆಸಿಕೊಂಡರು. ಹುಡುಗನಿಗೆ ಅದು ಬರಿಯ ನಮೂನೆಯ ಮಾತು.

ಅದಿಲ್ಲದೆ ಗುರುತಿನ ಚೀಟಿ ಇಲ್ಲ. ಚೀಟಿ ಇಲ್ಲದೆ ಫೋನಿನ ಸಿಮ್ ಇಲ್ಲ, ಮ್ಯುಚುಯೆಲ್ ಎಂಬ ಆರೋಗ್ಯ ವಿಮೆ ಇಲ್ಲ. ಆ ವಿಮೆಗೆ ಆಗ, 2025ರಲ್ಲಿ, ಹೆಚ್ಚಿನವರು ವರ್ಷಕ್ಕೆ ತಲೆಗೆ 3,000 ಫ್ರಾಂಕ್ ಕಟ್ಟುತ್ತಿದ್ದರು. ನಾನಿದ್ದಾಗ ರೂಪಾಯಿಗೆ ಸುಮಾರು 16 ಫ್ರಾಂಕ್. ಅಜ್ಜನ ಬಳಿ ಇದ್ದ ಕೊನೆಯ ಗುರುತಿನ ಚೀಟಿಯಲ್ಲಿ ಜನಾಂಗ ಬರೆದಿತ್ತಂತೆ. ರಸ್ತೆಯ ತಡೆಗಟ್ಟೆಗಳಲ್ಲಿ ಯಾರು ಸಾಯಬೇಕೆಂದು ಆರಿಸಿದ್ದು ಅದೇ ಚೀಟಿ ನೋಡಿ. ಅಜ್ಜ ಇದ್ದದ್ದು ಅಂಥ ಒಂದು ತಡೆಗಟ್ಟೆಯಲ್ಲಿ. ಹೊಸ ಚೀಟಿ ಬಂದಾಗ ಹಿಂದೆ ಮುಂದೆ ತಿರುಗಿಸಿ ನೋಡಿದರು. ಆ ಕಾಲಂ ಇರಲಿಲ್ಲ.

ಜಮೀನಿನದು ದೊಡ್ಡ ರಗಳೆ. 2009ರಿಂದ ದೇಶದ ಒಂದು ಕೋಟಿಗೂ ಹೆಚ್ಚು ತುಂಡು ಭೂಮಿಯನ್ನು ಅಳೆದು ಪಟ್ಟಾ ಮಾಡಿದರು. ಅಜ್ಜ ಆಗ ಒಳಗೆ. ಹೆಂಡತಿ ಕಾದು ಕಾದು ಬೇರೆಯವನ ಜೊತೆ ಸಂಸಾರ ಹೂಡಿದ್ದಳು. ಹೊಲ ತಮ್ಮನ ಹೆಸರಿಗೆ ಏರಿತ್ತು. "ಇಪ್ಪತ್ತೆಂಟು ವರ್ಷ ಉತ್ತವನು ನಾನು" ಎಂದ ತಮ್ಮ. ಅಬುಂಜಿ ಎಂಬ ಊರ ಪಂಚರ ಮುಂದೆ ಮೂರು ಸಲ ಕೂತು, ಬಾಳೆಗಿಡಗಳ ಆಚೆಗಿನ ಒಂದು ಪಟ್ಟಿ, ನಮ್ಮ ಕಡೆ ಹತ್ತು ಗುಂಟೆ ಅನ್ನಬಹುದು, ಅಜ್ಜನಿಗೆ ಅಂತಾಯಿತು. ಬದುಕುಳಿದವರ ಭಯದ ಬಗ್ಗೆ ಪುಟಗಟ್ಟಲೆ ಓದಿಕೊಂಡು ಹೋಗಿದ್ದೆ. ಮರಳಿದವನನ್ನು ಕಂಡು ಮೊದಲು ಬೆಚ್ಚುವವರು ಮನೆಯವರೇ ಎಂಬುದು ಹೊಳೆದಿರಲೇ ಇಲ್ಲ.

ಇಷ್ಟರಲ್ಲಿ ಮೇಲಿನ ಕೇರಿಯ ಮುಕೆಚುರು, ನಮ್ಮಲ್ಲಿ ಅಜ್ಜಿ ಅನ್ನುವ ಹಾಗೆ, ನನ್ನನ್ನು ಕರೆಸಿದರು. ಅವರ ಗಂಡನನ್ನು ಕೊಂದ ಗುಂಪಿನಲ್ಲಿ ಅಜ್ಜ ಇದ್ದರೆಂದು ಗಚಾಚ ತೀರ್ಮಾನಿಸಿತ್ತು. ಮುಕೆಚುರು ಅವರ ಕಿರಿ ತಮ್ಮನ ಎಲುಬು ಇನ್ನೂ ಸಿಕ್ಕಿಲ್ಲ. ಹುಯೆಯ ನ್ಗೊಮದಲ್ಲಿ 2023ರ ಕೊನೆಯಿಂದ ಒಂದು ಮನೆಯಡಿ ಅಗೆದ ಹಾಗೆ ಅಗೆದ ಹಾಗೆ ನೂರಾರು ಮಂದಿಯ ಅವಶೇಷ ಸಿಕ್ಕಾಗ, ದಿನವೂ ಅಲ್ಲಿಗೆ ಹೋಗಿ ಬಟ್ಟೆ ಚೂರುಗಳಲ್ಲಿ ಹುಡುಕಿದ್ದರಂತೆ. ಬಿಸಿ ಮಾಡಿದ ಹಾಲು ಕೊಟ್ಟರು, ಕುಡಿದು ಮುಗಿಸುವವರೆಗೆ ಮಾತಾಡಲಿಲ್ಲ. ಆಮೇಲೆ ಒಳಗಿನಿಂದ ಶಾಲೆಯ ನೋಟ್‌ಬುಕ್ ತಂದರು. ಗಚಾಚ ವಿಧಿಸಿದ ನಷ್ಟದ ಲೆಕ್ಕ: ಒಂದು ಹಸು, ಎರಡು ಬಾಗಿಲು, ಮಾಡಿನ ಹೆಂಚು. ಐವರ ಮೇಲೆ ಹಂಚಿದ್ದು. ಇಬ್ಬರು ಕೊಟ್ಟಿದ್ದಾರೆ, ಒಬ್ಬ ಸತ್ತಿದ್ದಾನೆ, ಒಬ್ಬ ಉಗಾಂಡಾ ಕಡೆ ಹೋದವನು ಬಂದಿಲ್ಲ. ಅಜ್ಜನ ಪಾಲು 1,80,000 ಫ್ರಾಂಕ್. ಜೈಲಿನ ವರ್ಷಗಳಿಂದ ಈ ಸಾಲ ತೀರುವುದಿಲ್ಲ. ವಸೂಲಿ ಮಾಡಿಸುವ ಅಧಿಕಾರ ಅಕಗಾರಿಯ ಅಧಿಕಾರಿಗೆ ಇದೆ. "ಅಧಿಕಾರಿ ಬೇಡ," ಎಂದರು ಮುಕೆಚುರು. "ಅವನೇ ಹತ್ತಿ ಬರಲಿ."

ಜುಲೈನಿಂದ ಇಬ್ಬರೂ ಒಂದೇ ಗುಂಪಿನಲ್ಲಿ ಕೂತರು. ಮ್ವುರಾ ನ್ಕುವುರೆ, ಅಂದರೆ "ನನ್ನ ಗಾಯ ನೀನು ವಾಸಿ ಮಾಡು, ನಿನ್ನದು ನಾನು" ಎಂಬ ಕ್ರಮ: ಹತ್ತು ಹದಿನೈದು ಮಂದಿ, ವಾರಕ್ಕೊಮ್ಮೆ ಮೂರು ಗಂಟೆ, ಹದಿನೈದು ವಾರ. 2005ರಲ್ಲಿ ಉತ್ತರದ ಬ್ಯುಂಬಾದಲ್ಲಿ ಶುರುವಾದದ್ದು. ಮೊದಲ ವಾರಗಳಲ್ಲಿ ಕೊಲೆಯ ಮಾತೇ ಇಲ್ಲ. ಸಭೆಗೆ ತಡವಾಗಿ ಬಂದರೆ ಏನು ಮಾಡೋಣ, ಒಬ್ಬರು ಮಾತಾಡುವಾಗ ಇನ್ನೊಬ್ಬರು ನಗಬಹುದೇ ಎಂಬ ಚರ್ಚೆ. ನನಗೆ ಬೇಸರ ಬಂದು ಆಕಳಿಸುತ್ತಿದ್ದೆ. ಆಮೇಲೆ ಗೊತ್ತಾಯಿತು, ಅಜ್ಜ ಮುಕೆಚುರು ಇದ್ದ ಕೋಣೆಯಲ್ಲಿ ಬಾಗಿಲ ಪಕ್ಕ ಬಿಟ್ಟು ಬೇರೆಡೆ ಕೂರಲು ಐದು ವಾರ ಬೇಕಾಯಿತು.

ಆರನೇ ವಾರ ಅಜ್ಜ ಬಾಯಿಬಿಟ್ಟರು. ಪ್ರತಿ ವಾಕ್ಯಕ್ಕೂ "ಇಬ್ಯಾಬಾಯೆ" ಎನ್ನುತ್ತಿದ್ದರು. ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ತಲೆಯೊಳಗೆ ಕನ್ನಡವಾಗಿ ಇಳಿಯುತ್ತಿತ್ತು: ಆದದ್ದು. ಆದದ್ದು ಕೆಟ್ಟದ್ದು, ಆದದ್ದಕ್ಕೆ ದುಃಖವಿದೆ, ಆದದ್ದರಲ್ಲಿ ನಾನೂ ಇದ್ದೆ. ನಮ್ಮಲ್ಲೂ ಹಾಗೇ ಅಲ್ಲವೇ, "ಆದದ್ದು ಆಗಿಹೋಯ್ತು ಬಿಡು" ಅಂದರೆ ಯಾರೂ ಮಾಡಿದ ಹಾಗಾಗುವುದಿಲ್ಲ. ಮುಕೆಚುರು ತಲೆ ಎತ್ತದೆ ಎರಡೇ ಪದ ಅಂದರು: "ಇಬ್ಯೊ ವಾಕೋಜೆ." ದುಭಾಷಿ ಸುಮ್ಮನಾದ. ಏನಂದರು ಎಂದು ಮೊಣಕೈಯಿಂದ ತಿವಿದೆ. ಅವನು ಎದ್ದು ಹೊರಗೆ ಹೋದ. ಹಿಂದೆ ಹೋದರೆ ನೀಲಗಿರಿ ಮರಕ್ಕೆ ಒರಗಿ ನಿಂತಿದ್ದ. "ನೀನು ಮಾಡಿದ್ದು, ಅಂತ," ಎಂದ. ಆಮೇಲೆ, "ನನ್ನ ಅಮ್ಮನೂ ಮನೇಲಿ ಇದನ್ನೇ ಹೇಳ್ತಾಳೆ."

ಆ ಹುಡುಗ ಹುಟ್ಟಿದ್ದು 1999ರಲ್ಲಿ. ದಿನಕ್ಕೆ 25,000 ಫ್ರಾಂಕ್ ಕೊಟ್ಟು ನಾಲ್ಕು ತಿಂಗಳು ಜೊತೆಗಿಟ್ಟುಕೊಂಡಿದ್ದೆ. ಈ ಕೆಲಸ ನಿನಗೆ ಆಗುತ್ತದೆಯೇ ಎಂದು ಒಂದು ದಿನ ಕೇಳಿರಲಿಲ್ಲ. ಸಂದರ್ಶನ ಕೊಡುವವರ ಒಪ್ಪಿಗೆಪತ್ರಕ್ಕೆ ಮೂರು ಪುಟ ಬರೆದಿದ್ದೆ, ಅವನಿಗೆ ಒಂದು ಸಾಲೂ ಇಲ್ಲ. ನೀವು ಹೋದರೆ ದುಭಾಷಿಯ ಜೊತೆ ಮೊದಲು ಒಂದು ದಿನ ಸುಮ್ಮನೆ ಕೂತು ಮಾತಾಡಿ. ಯಾವ ಜಾತಿ ಜನಾಂಗ ಎಂದು ಕೇಳಲು ಅಲ್ಲ. ಯಾವ ಮಾತನ್ನು ತನ್ನ ಬಾಯಲ್ಲಿ ಹೇಳಲಾರೆ ಎಂದು ಅವರೇ ಹೇಳಲಿ. ಬಿಡುವಿನ ದಿನಗಳಿಗೂ ಕೂಲಿ ಕೊಡಿ. ಅವನು ಎರಡು ವಾರ ಬರಲಿಲ್ಲ, ಆಮೇಲೆ ತಾನಾಗೇ ಬಂದ.

ಆಗಸ್ಟಿನ ಕೊನೆಯ ಶನಿವಾರ ಉಮುಗಾಂಡ, ತಿಂಗಳಿಗೊಮ್ಮೆ ಊರೆಲ್ಲ ಸೇರಿ ಮಾಡುವ ಬಿಟ್ಟಿ ಕೆಲಸ. (ಆ ಬೆಳಗ್ಗೆ ಬಸ್ಸು ಓಡುವುದಿಲ್ಲ, ಪ್ರಯಾಣ ಇಟ್ಟುಕೊಳ್ಳಬೇಡಿ.) ಚರಂಡಿ ಕಡಿಯುವುದಿತ್ತು. ಅಜ್ಜನ ಗುದ್ದಲಿ ನೋಡಿ ಹುಡುಗರು ನಕ್ಕರು, ಕೆಲಸ ನೋಡಿ ಸುಮ್ಮನಾದರು. ಕಲ್ಲು ಕೂರಿಸುವುದರಲ್ಲಿ ಆ ಗುಡ್ಡದಲ್ಲೇ ಅವರಷ್ಟು ಚೊಕ್ಕ ಕೈ ಇನ್ನೊಂದಿರಲಿಲ್ಲ. ಅಲ್ಲಿಂದ ಒಂದೆರಡು ಮನೆಯ ಗಾರೆ ಕೆಲಸ ಸಿಕ್ಕಿತು, ದಿನಕ್ಕೆ 1,500 ಫ್ರಾಂಕ್. ಆದರೆ ಕೆಲಸ ಕೊಟ್ಟ ಒಬ್ಬ ಊಟದ ಹೊತ್ತಿಗೆ ತಟ್ಟೆಯನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟುಹೋದ. ಅದು ನನಗೆ ಎಲ್ಲೋ ನೋಡಿದ ದೃಶ್ಯ. ಎಲ್ಲಿ ಅಂತ ಹೇಳಬೇಕಿಲ್ಲ.

ಹೊರಡುವ ಹಿಂದಿನ ವಾರ, ಸೆಪ್ಟೆಂಬರಿನ ಮೊದಲ ಮಳೆ ಬಿದ್ದ ಮಾರನೇ ದಿನ, ಅಜ್ಜ ಮೇಲಿನ ಕೇರಿಗೆ ಹತ್ತಿದರು. ನನ್ನನ್ನೂ ಕರೆದರು. ಮುಕೆಚುರು ಹೊಸ್ತಿಲಲ್ಲಿ ಅವರೆ ಸುಲಿಯುತ್ತಿದ್ದರು. ಕೂರು ಅನ್ನಲಿಲ್ಲ. ಅಜ್ಜ ಕೋಟಿನ ಒಳಜೇಬಿನಿಂದ ಎರಡು ಐದು ಸಾವಿರದ ನೋಟು ತೆಗೆದುಕೊಟ್ಟರು. ಅವರು ಬೆಳಕಿಗೆ ಹಿಡಿದು ನೋಡಿ, ನೋಟ್‌ಬುಕ್ ತಂದು, ತಾರೀಖು ಬರೆದು, 10,000 ಕಳೆದು, ಉಳಿದ 1,70,000ದ ಕೆಳಗೆ ಗೆರೆ ಎಳೆದು ಸಹಿ ಹಾಕಿಸಿಕೊಂಡರು.

"ಉಳಿದದ್ದು?"

"ಜನವರಿಯಲ್ಲಿ ಅವರೆ ಬರಲಿ."

"ಸರಿ. ನನ್ನ ತಮ್ಮ?"

ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ಕೆಳಗೆ ಕಣಿವೆಯ ಕಡೆ ಒಮ್ಮೆ ನೋಡಿದರು. ದುಭಾಷಿ ನನ್ನ ಮುಖ ನೋಡಿದ. ಅನುವಾದಿಸಲು ಏನೂ ಇರಲಿಲ್ಲ. ಮುಕೆಚುರು ನೋಟ್‌ಬುಕ್ ಮಡಚಿಟ್ಟು ಮತ್ತೆ ಅವರೆ ಸುಲಿಯಲು ಕೂತರು. ನಾವು ಮೂವರೂ ಇಳಿದು ಬಂದೆವು. ದಾರಿಯ ಅರ್ಧಕ್ಕೆ ಬಂದಾಗ ಅಜ್ಜ, "ನಾಳೆ ಮುಖ್ಯಸ್ಥನ ಮನೆಗೆ ಹೋಗಬೇಕು, ನೀನು ಬರಬೇಡ," ಎಂದರು. ನಾನು ಹೋಗಲಿಲ್ಲ.